ಬಿಟ್ಟೋ, ಬೈಟೋ? ಡಿಜಿಟಲ್ ಅಳತೆಗಳನ್ನು ಓದುವ ಬಗೆ

ಅಂಗಡಿಯಿಂದ ತಂದ ಒಂದು ಟೆರಾಬೈಟ್ ಹಾರ್ಡ್ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲೆ 931 ಜಿಬಿ ಎಂದು ಕಾಣುತ್ತದೆ. 100 ಎಂಬಿಪಿಎಸ್ ಫೈಬರ್ ಸಂಪರ್ಕ ಹಾಕಿಸಿಕೊಂಡವರು ಸಿನಿಮಾ ಇಳಿಸಿಕೊಳ್ಳಲು ಕೂತರೆ ಡೌನ್‌ಲೋಡ್ ವೇಗ ಸೆಕೆಂಡಿಗೆ ಹನ್ನೊಂದು ಹನ್ನೆರಡು ಎಂಬಿ ದಾಟುವುದೇ ಇಲ್ಲ. ಡಬ್ಬಿಯ ಮೇಲೆ 128 ಜಿಬಿ ಎಂದು ಬರೆದ ಫೋನಿನಲ್ಲಿ ಮೊದಲ ದಿನವೇ ಅಷ್ಟು ಜಾಗ ಖಾಲಿ ಇರುವುದಿಲ್ಲ. ಮೂರೂ ಕಡೆ ಮನಸ್ಸಿಗೆ ಬರುವ ಅನುಮಾನ ಒಂದೇ: ಯಾರೋ ಮೋಸ ಮಾಡಿದರೇ?

ಬಹುಪಾಲು ಸಂದರ್ಭಗಳಲ್ಲಿ ಮೋಸ ನಡೆದಿರುವುದಿಲ್ಲ. ಅಳತೆಯನ್ನು ನಮಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ, ಅಷ್ಟೇ. ಮನೆಯ ಖರ್ಚಿನ ಪಟ್ಟಿಯಲ್ಲಿ ದಿನಸಿ, ಗ್ಯಾಸ್, ಕರೆಂಟಿನ ಪಕ್ಕದಲ್ಲೇ ಈಗ ಡೇಟಾ ಕೂಡ ಬಂದು ಕೂತಿದೆ. ತಿಂಗಳು ತಿಂಗಳು ಹಣ ಕೊಟ್ಟು ಕೊಳ್ಳುವ ವಸ್ತುವಿನ ಅಳತೆ ಕೊಳ್ಳುವವರಿಗೆ ಗೊತ್ತಿರಬೇಕು. ಅದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಎರಡು ಪ್ರಶ್ನೆ ಕೇಳಲು ಬಂದರೆ ಸಾಕು: ಇದು ಬಿಟ್ಟೋ, ಬೈಟೋ? ಈ ಲೆಕ್ಕ ಸಾವಿರದ್ದೋ, 1024ರದ್ದೋ?

ಎಂಟು ಬಿಟ್, ಒಂದು ಬೈಟ್

ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಸ್ಥಿತಿ: ಸೊನ್ನೆ ಮತ್ತು ಒಂದು. ಹಾಗೆ ಹೌದು ಅಥವಾ ಅಲ್ಲ ಎಂದು ಹೇಳುವ ಅತಿ ಚಿಕ್ಕ ಮಾಹಿತಿಯೇ ಬಿಟ್. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಮಾಹಿತಿಯನ್ನು ಅಳೆಯಬಹುದು ಎಂದು ತೋರಿಸಿಕೊಟ್ಟಿತು. ಬಿಟ್ ಎಂಬ ಹೆಸರು ಅಚ್ಚಾದದ್ದೂ ಅದೇ ಪ್ರಬಂಧದಲ್ಲಿ. ಆ ಹೆಸರು ಸೂಚಿಸಿದವರು ಸಹೋದ್ಯೋಗಿ ಜಾನ್ ಟೂಕಿ ಎಂದು ಶಾನನ್ ಅಲ್ಲಿಯೇ ಬರೆದಿದ್ದಾರೆ.

ಒಂಟಿ ಬಿಟ್‌ನಿಂದ ಹೆಚ್ಚೇನೂ ಹೇಳಲಾಗದು. ಹಲವು ಬಿಟ್‌ಗಳನ್ನು ಕಟ್ಟು ಕಟ್ಟಿದರೆ ಒಂದು ಅಕ್ಷರವೋ ಅಂಕಿಯೋ ಆಗುತ್ತದೆ. 1956ರಲ್ಲಿ ಐಬಿಎಂನ ಸ್ಟ್ರೆಚ್ ಕಂಪ್ಯೂಟರಿನ ವಿನ್ಯಾಸ ನಡೆಯುತ್ತಿದ್ದಾಗ ವರ್ನರ್ ಬುಕ್‌ಹೋಲ್ಟ್ಸ್ ಆ ಕಟ್ಟಿಗೆ ಬೈಟ್ ಎಂಬ ಹೆಸರಿಟ್ಟರು. ಬೈಟ್ ಎಂದರೆ ಎಷ್ಟು ಬಿಟ್ ಎಂಬುದು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಆರು ಬಿಟ್‌ಗೆ ಒಂದು ಅಕ್ಷರ ಎಂದು ಎಣಿಸುವ ಯಂತ್ರಗಳೂ ಇದ್ದವು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಕಂಪ್ಯೂಟರುಗಳು ಎಂಟು ಬಿಟ್‌ನ ಬೈಟನ್ನು ಬಳಸಿದವು, ಜಗತ್ತು ಅದನ್ನೇ ಹಿಡಿಯಿತು.

ಎಂಟು ಬಿಟ್‌ಗಳಲ್ಲಿ 256 ಬೇರೆ ಬೇರೆ ಜೋಡಣೆ ಸಾಧ್ಯ. ಇಂಗ್ಲಿಷ್ ಅಕ್ಷರಗಳಿಗೆ ಅದು ಧಾರಾಳವಾಯಿತು; ಜಗತ್ತಿನ ಎಲ್ಲ ಲಿಪಿಗಳಿಗೆ ಸಾಲಲಿಲ್ಲ. ಇಂದು ಅಂತರಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್–8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್ ಬೇಕು. ಮೂಲ ವ್ಯಂಜನ, ಅರ್ಧಾಕ್ಷರದ ಗುರುತು (್), ಸ್ವರದ ಗುರುತು ಎಲ್ಲವೂ ಬೇರೆ ಬೇರೆ ಸಂಕೇತಗಳು. ಹಾಗಾಗಿ ಕಣ್ಣಿಗೆ ನಾಲ್ಕೈದು ಅಕ್ಷರದಂತೆ ಕಾಣುವ ‘ಕರ್ನಾಟಕ’ ಕಂಪ್ಯೂಟರಿನೊಳಗೆ ಏಳು ಸಂಕೇತ, 21 ಬೈಟ್. ಮುನ್ನೂರು ಪುಟದ ಒಂದು ಕನ್ನಡ ಕಾದಂಬರಿಯ ಪಠ್ಯ, ಪುಟಕ್ಕೆ ಸಾವಿರದ ಐನೂರು ಸಂಕೇತ ಎಂದು ಹಿಡಿದರೆ, ಸುಮಾರು 13.5 ಲಕ್ಷ ಬೈಟ್ ಆಗುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು.

ಬಿಟ್ ಲೆಕ್ಕ ದಿನಬಳಕೆಯಲ್ಲಿ ಕನ್ನಡಿಗರಿಗೆ ನೇರವಾಗಿ ತಾಗಿದ್ದು ಎಸ್‌ಎಂಎಸ್‌ನಲ್ಲಿ. ಒಂದು ಎಸ್‌ಎಂಎಸ್‌ಗೆ ಸಿಗುವ ಜಾಗ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿಗೆ ಏಳು ಬಿಟ್‌ನ ಸಂಕೇತ ಬಳಸುವುದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ ಸಂಕೇತವೊಂದಕ್ಕೆ 16 ಬಿಟ್ ಬೇಕಾಗಿ 70ಕ್ಕೆ ಸಂದೇಶ ತುಂಬಿಹೋಗುತ್ತದೆ. ಒತ್ತಕ್ಷರ, ಗುಣಿತ ಸೇರಿಕೊಂಡರೆ ಕೈಗೆ ಸಿಗುವ ಅಕ್ಷರ ಇನ್ನೂ ಕಡಿಮೆ. ಎಸ್‌ಎಂಎಸ್‌ಗೆ ಎಣಿಸಿ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಬರೆಯುವುದೇ ದುಬಾರಿಯಾಗಿತ್ತು.

ಸಾವಿರವೋ, 1024ವೋ?

ಬೈಟ್‌ನಿಂದ ಮೇಲಕ್ಕೆ ಹೋದರೆ ಕಿಲೋ, ಮೆಗಾ, ಗಿಗಾ, ಟೆರಾ ಸಿಗುತ್ತವೆ. ಇವು ವಿಜ್ಞಾನದ ಅಂತರರಾಷ್ಟ್ರೀಯ ಮಾನಗಳ ಪೂರ್ವಪದಗಳು. ಒಂದರಿಂದ ಇನ್ನೊಂದಕ್ಕೆ ಸಾವಿರ ಪಟ್ಟು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಕಿಲೋಬೈಟ್ ಸಾವಿರ ಬೈಟ್, ಮೆಗಾಬೈಟ್ ಹತ್ತು ಲಕ್ಷ, ಗಿಗಾಬೈಟ್ ನೂರು ಕೋಟಿ, ಟೆರಾಬೈಟ್ ಒಂದು ಲಕ್ಷ ಕೋಟಿ. ಅದರಾಚೆ ಪೆಟಾ, ಎಕ್ಸಾ, ಜೆಟ್ಟಾ, ಯೋಟ್ಟಾ ಇವೆ. ಅವೂ ಸಾಲದಾಗಬಹುದೆಂದು 2022ರಲ್ಲಿ ರೊನ್ನಾ ಮತ್ತು ಕ್ವೆಟ್ಟಾಗಳನ್ನು ಸೇರಿಸಲಾಯಿತು.

ಆದರೆ ಕಂಪ್ಯೂಟರಿನ ಮೆಮೊರಿ ಚಿಪ್ಪುಗಳು ಹತ್ತರ ಲೆಕ್ಕದಲ್ಲಿ ಹುಟ್ಟಿದವಲ್ಲ. ಚಿಪ್ಪಿನೊಳಗಿನ ಪ್ರತಿ ಕೋಶಕ್ಕೂ ಒಂದು ವಿಳಾಸ ಬೇಕು. ವಿಳಾಸ ಬರೆಯಲು ಒಂದು ಬಿಟ್ ಹೆಚ್ಚಿಸಿದಂತೆಲ್ಲ ಕೋಶಗಳ ಸಂಖ್ಯೆ ಇಮ್ಮಡಿಯಾಗುತ್ತದೆ: ಎರಡು, ನಾಲ್ಕು, ಎಂಟು, ಹೀಗೆ ಹತ್ತು ಬಿಟ್‌ಗೆ 1024. ಇದು ಸಾವಿರಕ್ಕೆ ತೀರ ಹತ್ತಿರವಿದ್ದುದರಿಂದ ಎಂಜಿನಿಯರುಗಳು ಇದನ್ನೂ ಕಿಲೋ ಎಂದೇ ಕರೆದರು. ವ್ಯತ್ಯಾಸ ಶೇ 2.4 ಮಾತ್ರ, ಯಾರಿಗೂ ತೊಂದರೆಯಾಗಲಿಲ್ಲ.

ಡಿಸ್ಕ್ ತಯಾರಕರ ಹಾದಿ ಬೇರೆ. ತಿರುಗುವ ತಟ್ಟೆಯ ಮೇಲೆ ಎಷ್ಟು ಹಿಡಿಸಬಹುದು ಎಂಬುದಕ್ಕೆ ಎರಡರ ಘಾತದ ಕಟ್ಟಳೆ ಇಲ್ಲ. 1956ರಲ್ಲಿ ಐಬಿಎಂ ಹೊರತಂದ ರಮ್ಯಾಕ್ ಎಂಬ ಯಂತ್ರದ ಡಿಸ್ಕಿನ ಸಾಮರ್ಥ್ಯವನ್ನು 50 ಲಕ್ಷ ಅಕ್ಷರ ಎಂದೇ ಹೇಳುತ್ತಿದ್ದರು. ಎರಡಡಿ ಅಗಲದ 50 ತಟ್ಟೆಗಳ ಆ ಘಟಕ ಸುಮಾರು ಒಂದು ಟನ್ ತೂಗುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೂ ಡಿಸ್ಕಿನ ಡಬ್ಬಿಯ ಮೇಲಿನ ಲೆಕ್ಕ ಸಾವಿರದ್ದು.

ಒಂದೇ ಹೆಸರಿಗೆ ಎರಡು ಅಳತೆ ಇದ್ದರೆ ಏನಾಗುತ್ತದೆ ಎಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಹಳೆ ಮೈಸೂರಿನ ಕಡೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರು ನಡೆಯುತ್ತಿದ್ದವು. ಬೆಲೆ ಕೇಳುವ ಮುನ್ನ ಯಾವ ಸೇರು ಎಂದು ಕೇಳಿಕೊಳ್ಳಬೇಕಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಮೆಟ್ರಿಕ್ ಪದ್ಧತಿ ತಂದ ಮೇಲೆ ಆ ಗೊಂದಲ ತೀರಿತು. ಕಂಪ್ಯೂಟರ್ ಲೋಕದಲ್ಲಿ ಎರಡು ಸೇರುಗಳೂ ಇಂದಿಗೂ ಚಾಲ್ತಿಯಲ್ಲಿವೆ.

ಅಳತೆ ದೊಡ್ಡದಾದಂತೆ ಅಂತರವೂ ಬೆಳೆಯುತ್ತದೆ. ಕಿಲೋದಲ್ಲಿ ಶೇ 2.4 ಇದ್ದದ್ದು ಮೆಗಾದಲ್ಲಿ ಶೇ 4.9, ಗಿಗಾದಲ್ಲಿ ಶೇ 7.4, ಟೆರಾದಲ್ಲಿ ಹೆಚ್ಚುಕಡಿಮೆ ಶೇ 10. ಡಿಸ್ಕಿನೊಳಗೆ ಒಂದು ಲಕ್ಷ ಕೋಟಿ ಬೈಟ್‌ಗಳು ನಿಜಕ್ಕೂ ಇವೆ. ವಿಂಡೋಸ್ ಅದನ್ನು 1024ರಿಂದ ಮೂರು ಸಲ ಭಾಗಿಸಿ 931 ಎಂದು ತೋರಿಸಿ, ಮುಂದೆ ಜಿಬಿ ಎಂದೇ ಬರೆಯುತ್ತದೆ. ಅದೇ ಡಿಸ್ಕನ್ನು ಆಪಲ್ ಕಂಪ್ಯೂಟರಿಗೆ ಜೋಡಿಸಿದರೆ ಸಾವಿರ ಜಿಬಿ ಎನ್ನುತ್ತದೆ. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಆ ಕಂಪನಿ ಸಾವಿರದ ಲೆಕ್ಕಕ್ಕೆ ಬದಲಾಗಿದೆ. ಎರಡೂ ಕಡೆ ಒಂದು ಬೈಟ್ ಕೂಡ ಕಳೆದುಹೋಗಿಲ್ಲ.

ಗೊಂದಲ ಎಷ್ಟು ಆಳವಾಗಿತ್ತೆಂದರೆ, ಹಳೆಯ ಮೂರೂವರೆ ಇಂಚಿನ ಫ್ಲಾಪಿಯ ಮೇಲೆ ಬರೆದಿದ್ದ 1.44 ಎಂಬಿ ಎರಡೂ ಲೆಕ್ಕಕ್ಕೆ ಸೇರಿದ್ದಲ್ಲ. ಅದರಲ್ಲಿದ್ದದ್ದು 14,74,560 ಬೈಟ್. ಅದನ್ನು ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ. ಅಮೆರಿಕದಲ್ಲಿ ಈ ವ್ಯತ್ಯಾಸ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಗ್ರಾಹಕರು ಹೂಡಿದ ಮೊಕದ್ದಮೆಗಳಲ್ಲಿ ವೆಸ್ಟರ್ನ್ ಡಿಜಿಟಲ್ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. ಇಂದು ಡಿಸ್ಕಿನ ಡಬ್ಬಿಗಳ ಮೇಲೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂಬ ಸಾಲು ಸಣ್ಣಕ್ಷರದಲ್ಲಿ ಕಾಣಸಿಗುತ್ತದೆ.

ಇದಕ್ಕೆ ಪರಿಹಾರ 1998ರಲ್ಲೇ ಬಂದಿದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1024ರ ಲೆಕ್ಕಕ್ಕೆಂದೇ ಕಿಬಿ, ಮೆಬಿ, ಗಿಬಿ, ಟೆಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಲಿನಕ್ಸ್ ಬಳಸುವವರು ಗಿಬಿಬೈಟ್ ಎಂಬುದನ್ನು ನೋಡಿರುತ್ತಾರೆ. ಅಂಗಡಿಯಲ್ಲಿ, ಜಾಹೀರಾತಿನಲ್ಲಿ ಅದು ನೆಲೆಯೂರಲಿಲ್ಲ. ಆದ್ದರಿಂದ ಸದ್ಯಕ್ಕೆ ರೂಢಿ ಇಷ್ಟು: 8 ಜಿಬಿ ರ್‍ಯಾಮ್ ಎಂದರೆ 1024ರ ಲೆಕ್ಕ, ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಮೆಮೊರಿ ಕಾರ್ಡ್, ಫೋನಿನ ಸಂಗ್ರಹ ಎಂದರೆ ಸಾವಿರದ ಲೆಕ್ಕ. ಫೋನಿನಲ್ಲಿ ಇದರ ಮೇಲೆ ಆಪರೇಟಿಂಗ್ ಸಿಸ್ಟಂ ಮತ್ತು ಕಂಪನಿ ಮೊದಲೇ ತುಂಬಿದ ಆ್ಯಪ್‌ಗಳೂ ಜಾಗ ಹಿಡಿದಿರುತ್ತವೆ.

ವೇಗದ ಲೆಕ್ಕ ಬಿಟ್‌ನಲ್ಲಿ

ಸಂಗ್ರಹದ ಗೊಂದಲ ಹೆಚ್ಚೆಂದರೆ ಶೇ 10ರದ್ದು. ವೇಗದ ಗೊಂದಲ ಎಂಟು ಪಟ್ಟಿನದು. ಕಡತವನ್ನು ಇಡುವಾಗ ಬೈಟ್‌ನಲ್ಲಿ ಎಣಿಸುತ್ತೇವೆ. ತಂತಿಯಲ್ಲೋ ಗಾಳಿಯಲ್ಲೋ ಕಳಿಸುವಾಗ ಬಿಟ್‌ಗಳು ಒಂದರ ಹಿಂದೊಂದು ಸಾಗುವುದರಿಂದ ಸಂಪರ್ಕ ಎಂಜಿನಿಯರುಗಳು ಮೊದಲಿನಿಂದಲೂ ಸೆಕೆಂಡಿಗೆ ಎಷ್ಟು ಬಿಟ್ ಎಂದೇ ಅಳೆದರು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. 100 ಎಂಬಿಪಿಎಸ್ ಸಂಪರ್ಕವನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. 4.7 ಜಿಬಿಯ ಒಂದು ಡಿವಿಡಿಯಷ್ಟು ಸಿನಿಮಾ ಇಳಿಯಲು ಆರು ನಿಮಿಷಕ್ಕಿಂತ ತುಸು ಹೆಚ್ಚು ಬೇಕು.

ಇಂಗ್ಲಿಷಿನಲ್ಲಿ ಇವೆರಡನ್ನೂ ಬೇರ್ಪಡಿಸಲು ಒಂದು ಉಪಾಯವಿದೆ: ಸಣ್ಣ ‘ಬಿ’ ಬರೆದರೆ ಬಿಟ್, ದೊಡ್ಡ ‘ಬಿ’ ಬರೆದರೆ ಬೈಟ್. ಕನ್ನಡ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರ ಎಂಬ ಭೇದವೇ ಇಲ್ಲ. ಎರಡೂ ‘ಎಂಬಿ’ ಆಗಿಬಿಡುತ್ತವೆ. ಕನ್ನಡದ ಜಾಹೀರಾತು ಓದಿ ಸಂಪರ್ಕ ಹಾಕಿಸಿಕೊಳ್ಳುವವರಿಗೆ ಎಂಟು ಪಟ್ಟಿನ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಯೋಜನೆಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಗುಣಮಟ್ಟದ ಎಚ್‌ಡಿ ವಿಡಿಯೊ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಕೇಳುತ್ತದೆ. 1.5 ಜಿಬಿ ಎಂದರೆ 12 ಸಾವಿರ ಮೆಗಾಬಿಟ್; 40 ನಿಮಿಷದಲ್ಲಿ ದಿನದ ಪಾಲು ಮುಗಿಯಿತು. ಆಮೇಲೆ ಹಲವು ಯೋಜನೆಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದು ಕಿಲೋಬಿಟ್, ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 3 ಎಂಬಿಯ ಒಂದು ಫೋಟೊ ತೆರೆಯಲು ಆರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಯೋಜನೆಯ ಹೆಸರಿನಲ್ಲಿ ‘ಅನ್‌ಲಿಮಿಟೆಡ್’ ಎಂದಿದ್ದರೂ ಆ ವೇಗದಲ್ಲಿ ಪಠ್ಯ ಸಂದೇಶ ಬಿಟ್ಟು ಹೆಚ್ಚೇನೂ ನಡೆಯುವುದಿಲ್ಲ.

ಈ ವೇಗವೇ ಒಂದು ಕಾಲದಲ್ಲಿ ಕನಸಾಗಿತ್ತು ಎಂಬುದೂ ನಿಜ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಅಂತರಜಾಲ ತೆರೆದಾಗ ದೂರವಾಣಿ ತಂತಿಯ ಮೇಲಿನ ವೇಗ 9.6 ಕಿಲೋಬಿಟ್. 1 ಎಂಬಿಯ ಕಡತಕ್ಕೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದಿತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಸೆಕೆಂಡಿಗೆ ಕಾಲು ಮೆಗಾಬೈಟ್ ಇಳಿಸಿಕೊಟ್ಟರೂ ಕಂಪನಿಯೊಂದು ತನ್ನ ಸೇವೆಯನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದು. ಹಳ್ಳಿಗಳ ಮಟ್ಟಿಗೆ, 2011ರಲ್ಲಿ ಒಪ್ಪಿಗೆ ಪಡೆದ, ಈಗ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್. ಅದೂ ಬಿಟ್‌ನ ಲೆಕ್ಕ. ಇಡೀ ಪಂಚಾಯಿತಿ ಹಂಚಿಕೊಳ್ಳಬೇಕಾದದ್ದು ಸೆಕೆಂಡಿಗೆ 12.5 ಮೆಗಾಬೈಟ್.

ಬರೆದ ವೇಗ, ಸಿಗುವ ವೇಗ

ಎಂಟರಿಂದ ಭಾಗಿಸಿದ ಮೇಲೂ ಪೂರ್ತಿ ವೇಗ ಕೈಗೆ ಬರುವುದಿಲ್ಲ, ಅದಕ್ಕೆ ಕಾರಣಗಳಿವೆ. ಕಡತವು ಚಿಕ್ಕ ಚಿಕ್ಕ ತುಂಡುಗಳಾಗಿ ಸಾಗುತ್ತದೆ. ಪ್ರತಿ ತುಂಡಿನ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು, ಸರಿಯಾಗಿ ತಲುಪಿತೇ ಎಂಬ ವಿವರ ಬರೆದಿರುತ್ತದೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ 1538 ಬೈಟ್ ಸಾಗಿದರೆ ನಮ್ಮ ಕಡತದ ಪಾಲು 1460. ಹಾಗಾಗಿ 12.5 ಇದ್ದದ್ದು 11.9ರ ಸುಮಾರಿಗೆ ಇಳಿಯುತ್ತದೆ. ವೈಫೈನಲ್ಲಿ ಗೋಡೆ, ದೂರ, ಪಕ್ಕದ ಮನೆಯ ರೂಟರ್, ಒಂದೇ ಸಂಪರ್ಕದ ಮೇಲೆ ಕೂತ ಮನೆಮಂದಿ ಎಲ್ಲರೂ ಪಾಲು ಕೇಳುತ್ತಾರೆ. ಜಾಹೀರಾತಿನಲ್ಲಿ ‘ವರೆಗೆ’ ಎಂಬ ಪುಟ್ಟ ಪದ ಇರುವುದು ಇದಕ್ಕಾಗಿಯೇ.

ವೇಗದ ಜೊತೆ ತಡವನ್ನೂ ನೋಡಬೇಕು. ನಮ್ಮ ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಕಾಲವನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಮಾತನಾಡಿದರೆ ಸಂಕೇತ ನಾಲ್ಕು ಬಾರಿ ಆ ದೂರ ಕ್ರಮಿಸಬೇಕು. ಬೆಳಕಿನ ವೇಗದಲ್ಲೂ ಅದಕ್ಕೆ ಅರ್ಧ ಸೆಕೆಂಡ್ ಹತ್ತಿರ ಬೇಕು. ಎಷ್ಟೇ ಮೆಗಾಬಿಟ್ ಇದ್ದರೂ ವಿಡಿಯೊ ಕರೆಯಲ್ಲಿ ಇಬ್ಬರೂ ಒಮ್ಮೆಲೇ ಮಾತಾಡಿಬಿಡುವುದು ಈ ತಡದಿಂದ. ಸಿನಿಮಾ ನೋಡುವವರಿಗೆ ಮೆಗಾಬಿಟ್ ಮುಖ್ಯ. ಆನ್‌ಲೈನ್ ಪಾಠ, ಆಟ, ಕರೆಗಳಿಗೆ ಮಿಲಿಸೆಕೆಂಡೂ ಅಷ್ಟೇ ಮುಖ್ಯ.

ಮನೆಯೊಳಗಿನ ಸಾಧನಗಳಲ್ಲೂ ಇದೇ ಬಿಟ್–ಬೈಟ್ ಆಟವಿದೆ. ಯುಎಸ್‌ಬಿ 2.0ರ ಮೇಲಿನ 480 ಎಂಬುದು ಮೆಗಾಬಿಟ್. ಕಾಗದದ ಮೇಲೆ ಸೆಕೆಂಡಿಗೆ 60 ಮೆಗಾಬೈಟ್, ಬಳಕೆಯಲ್ಲಿ ಇನ್ನೂ ಕಡಿಮೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್. ಮೆಮೊರಿ ಕಾರ್ಡಿನ ಗುರುತುಗಳು ಮಾತ್ರ ಬೈಟ್‌ನಲ್ಲಿವೆ: ‘ಕ್ಲಾಸ್ 10’ ಎಂದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯಬಲ್ಲದು, ‘ವಿ30’ ಎಂದರೆ 30 ಮೆಗಾಬೈಟ್. ಕ್ಯಾಮೆರಾ 4ಕೆ ವಿಡಿಯೊವನ್ನು 100 ಮೆಗಾಬಿಟ್ ದರದಲ್ಲಿ ದಾಖಲಿಸುತ್ತಿದ್ದರೆ ಅದಕ್ಕೆ ಬೇಕಾದದ್ದು ಸೆಕೆಂಡಿಗೆ 12.5 ಮೆಗಾಬೈಟ್. ಕ್ಲಾಸ್ 10 ಕಾರ್ಡಿನ ಖಾತರಿ ಅಲ್ಲಿಗೆ ಮುಟ್ಟುವುದಿಲ್ಲ. ಮದುವೆಯಲ್ಲಿ ಧಾರೆಯ ಹೊತ್ತಿಗೆ ರೆಕಾರ್ಡಿಂಗ್ ನಿಂತರೆ ಕ್ಯಾಮೆರಾವನ್ನು ಬೈದು ಫಲವಿಲ್ಲ.

ಬಸ್ಸಿಗೆ ಕೊಟ್ಟರೆ ಬೇಗ

ಮದುವೆಯ ವಿಡಿಯೊ ತೆಗೆದವರು ಬೆಂಗಳೂರಿನಿಂದ ಬೆಳಗಾವಿಯ ಸಂಕಲನಕಾರರಿಗೆ ಒಂದು ಟೆರಾಬೈಟ್ ಕಳಿಸಬೇಕೆನ್ನೋಣ. ಸೆಕೆಂಡಿಗೆ 100 ಮೆಗಾಬಿಟ್ ಅಪ್‌ಲೋಡ್ ಪೂರ್ತಿಯಾಗಿ ಸಿಕ್ಕಿದರೂ 80 ಸಾವಿರ ಸೆಕೆಂಡ್, ಅಂದರೆ 22 ಗಂಟೆ ಬೇಕು. ಅದೇ ಡಿಸ್ಕನ್ನು ರಾತ್ರಿ ಬಸ್ಸಿಗೆ ಕೊಟ್ಟು, ಹತ್ತು ಗಂಟೆಯ ಪ್ರಯಾಣ ಎಂದು ಹಿಡಿದರೆ ಸರಾಸರಿ ವೇಗ 222 ಎಂಬಿಪಿಎಸ್. ಬೃಹತ್ ದತ್ತಾಂಶವನ್ನು ಡಿಸ್ಕಿನಲ್ಲೇ ಸಾಗಿಸುವ ಪದ್ಧತಿ ಇಂದಿಗೂ ಉಳಿದಿರುವುದು ಈ ಸರಳ ಗುಣಾಕಾರದಿಂದ.

ಲೆಕ್ಕದ ಇನ್ನೊಂದು ತುದಿ ಬಾಹ್ಯಾಕಾಶದಲ್ಲಿದೆ. ನಾಸಾದ ನ್ಯೂ ಹೊರೈಜನ್ಸ್ ನೌಕೆ 2015ರ ಜುಲೈ 14ರಂದು ಪ್ಲೂಟೊ ಪಕ್ಕದಲ್ಲಿ ಹಾದು ಕಲೆಹಾಕಿದ್ದು ಸುಮಾರು 50 ಗಿಗಾಬಿಟ್ ದತ್ತಾಂಶ. ಎಂಟರಿಂದ ಭಾಗಿಸಿದರೆ 6.25 ಗಿಗಾಬೈಟ್, ಒಂದೂವರೆ ಡಿವಿಡಿಯೂ ತುಂಬದು. ಮನೆಯ ಫೈಬರಿನಲ್ಲಿ ಒಂಬತ್ತು ನಿಮಿಷದೊಳಗೆ ಇಳಿಯಬಲ್ಲ ಅಷ್ಟು ದತ್ತಾಂಶ ಭೂಮಿಗೆ ಪೂರ್ತಿ ತಲುಪಿದ್ದು 2016ರ ಅಕ್ಟೋಬರ್ ಕೊನೆಗೆ. 1977ರಲ್ಲಿ ಹೊರಟ ವಾಯೇಜರ್–1 ಇನ್ನೂ ದೂರದಲ್ಲಿದ್ದು ಸೆಕೆಂಡಿಗೆ 160 ಬಿಟ್, ಅಂದರೆ 20 ಬೈಟ್ ಕಳಿಸುತ್ತದೆ. ‘ಕರ್ನಾಟಕ’ ಎಂಬ ಒಂದು ಪದ ಕಳಿಸಲು ಅದಕ್ಕೆ ಒಂದು ಸೆಕೆಂಡ್ ಸಾಲುವುದಿಲ್ಲ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊ 32 ಮೀಟರ್ ಅಗಲದ ಆಂಟೆನಾ ಕಟ್ಟಿರುವುದು ಇಂಥ ಕ್ಷೀಣ ಬಿಟ್‌ಗಳನ್ನು ಹಿಡಿಯಲೆಂದೇ. ದೂರ ಹೆಚ್ಚಿದಂತೆ ಒಂದೊಂದು ಬಿಟ್‌ನ ಬೆಲೆ ಎಷ್ಟು ಏರುತ್ತದೆ ಎಂಬುದು ಅಲ್ಲಿ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು.

ಕೊಳ್ಳುವ ಮುನ್ನ

ನೆನಪಿಡಬೇಕಾದ ಲೆಕ್ಕ ಮೂರೇ. ಎಂಬಿಪಿಎಸ್ ಎಂದಿದ್ದರೆ ಎಂಟರಿಂದ ಭಾಗಿಸಿ, ಅದರಲ್ಲೂ ಒಂದಿಷ್ಟು ಕಳೆಯಿರಿ. ಡಿಸ್ಕಿನ ಮೇಲೆ ಜಿಬಿ ಎಂದಿದ್ದರೆ 0.93ರಿಂದ, ಟಿಬಿ ಎಂದಿದ್ದರೆ 0.91ರಿಂದ ಗುಣಿಸಿ, ವಿಂಡೋಸ್ ತೋರಿಸುವ ಸಂಖ್ಯೆ ಸಿಗುತ್ತದೆ. ದಿನದ ಅಥವಾ ತಿಂಗಳ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳದೆ ಯೋಜನೆ ಕೊಳ್ಳಬೇಡಿ. ಹಲವು ಫೈಬರ್ ಯೋಜನೆಗಳಲ್ಲಿರುವ ತಿಂಗಳಿಗೆ 3300 ಜಿಬಿ ಮಿತಿ ದೊಡ್ಡದಾಗಿ ಕಾಣುತ್ತದೆ. 100 ಎಂಬಿಪಿಎಸ್‌ನಲ್ಲಿ ಬಿಡುವಿಲ್ಲದೆ ಇಳಿಸಿದರೆ ಅದು ಮೂರು ದಿನದ ಸರಕು. ಸಾಧಾರಣ ಮನೆಗೆ ಅದು ಬೇಕಾದಷ್ಟಾಯಿತು; ಆದರೆ ಮಿತಿ ಇದೆ ಎಂಬುದು ತಿಳಿದಿರಬೇಕು.

ಲೆಕ್ಕ ಕಲಿಯುವ ಹೊಣೆಯನ್ನೆಲ್ಲ ಗ್ರಾಹಕರ ಮೇಲೆ ಹಾಕುವುದು ನ್ಯಾಯವಲ್ಲ. ಪೊಟ್ಟಣದ ಮೇಲೆ ನಿವ್ವಳ ತೂಕ ಬರೆಯಲೇಬೇಕು ಎಂದು ನಮ್ಮ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಅದೇ ನಿಷ್ಠುರತೆ ಡೇಟಾ ಮಾರಾಟಕ್ಕೂ ಬರಬೇಕು. ಫೋನಿನ ಡಬ್ಬಿಯ ಮೇಲೆ ಬಳಕೆಗೆ ನಿಜವಾಗಿ ಸಿಗುವ ಜಾಗವನ್ನು ಬರೆಯಲಿ, ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ಮೆಗಾಬಿಟ್ ಪಕ್ಕದಲ್ಲಿ ಮೆಗಾಬೈಟನ್ನೂ ಹೇಳಲಿ. ಕನ್ನಡದಲ್ಲಿ ಬರೆಯುವ ಪತ್ರಿಕೆಗಳು, ಪಠ್ಯಪುಸ್ತಕಗಳು, ಕಂಪನಿಗಳು ಇಂದಿನಿಂದಲೇ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಕಾಸೂ ಖರ್ಚಿಲ್ಲ: ‘ಎಂಬಿ’ ಎಂದು ಮೊಟಕು ಮಾಡದೆ, ಮೆಗಾಬಿಟ್ ಇದ್ದಲ್ಲಿ ಮೆಗಾಬಿಟ್ ಎಂದೂ ಮೆಗಾಬೈಟ್ ಇದ್ದಲ್ಲಿ ಮೆಗಾಬೈಟ್ ಎಂದೂ ಪೂರ್ತಿಯಾಗಿ ಬರೆಯಿರಿ.